ಜನವರಿ ಒಂದನೇ ತಾರೀಖಿನ ಕ್ಯಾಮೆರಾ

ಹಲಸಿನಕೊಪ್ಪಲಿನ ಮಂಚಯ್ಯನನ್ನು ದನದ ದಳ್ಳಾಳಿ ಎಂದರೆ ಅವನಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ವ್ಯಾಪಾರ ಕುದುರಿಸುವವನು ಅನ್ನಬೇಕಂತೆ. ಅನ್ನೋಣ, ನಮ್ಮ ಗಂಟೇನು ಹೋಗುತ್ತದೆ! ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಸರಗೂರು, ಎಲ್ಲಿ ದನ ಕೈ ಬದಲಾಯಿಸಿದರೂ ಆ ಎರಡು ಕೈಗಳ ಮೇಲೆ ಮಂಚಯ್ಯನ ಟವೆಲ್ಲು ಹೊದ್ದಿರುತ್ತಿತ್ತು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮುಗಿಸುವುದರಲ್ಲಿ ಅವನು ಗಟ್ಟಿಗ. ಆದರೆ ಅವನ ನಿಜವಾದ ಕೈಚಳಕ ತೋರುತ್ತಿದ್ದುದು ಸಂತೆಯ ಹಿಂದಿನ ದಿನ.

ಹಸು ಒಂದೊಂದು ಕರು ಹಾಕಿದಾಗಲೂ ಅದರ ಕೊಂಬಿನ ಬುಡದಲ್ಲಿ ಒಂದೊಂದು ಉಂಗುರ ಮೂಡುತ್ತದೆ. ಬಲ್ಲವರು ಆ ಉಂಗುರ ಎಣಿಸಿ ವಯಸ್ಸು ಹೇಳಿಬಿಡುತ್ತಾರೆ. ಮಂಚಯ್ಯ ಒಂದು ಮಡಿಸುವ ಚಾಕು ಇಟ್ಟುಕೊಂಡಿದ್ದ. ಅದರಿಂದ ಉಂಗುರಗಳನ್ನು ಸಣ್ಣಗೆ ಹೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಮೇಲೆ ನೀಲಿ ಬಣ್ಣ ಬಳಿದನೆಂದರೆ ಏಳು ಕರು ಹಾಕಿದ ಮುದಿ ಹಸು ಬೆಳಗಾಗುವುದರೊಳಗೆ ಎರಡನೇ ಕರುವಿನದಾಗಿರುತ್ತಿತ್ತು. ಇದು ಮೋಸವಲ್ಲವೇ ಎಂದು ಯಾರಾದರೂ ಕೇಳಿದರೆ, ಮದುವೆ ಹೆಣ್ಣಿಗೆ ಪೌಡರು ಬಳಿಯುವುದು ಮೋಸವೇ ಎಂದು ತಿರುಗಿ ಕೇಳುತ್ತಿದ್ದ. ಕೇಳಿದವರ ಮನೆಯಲ್ಲೂ ಮದುವೆಗೆ ಬಂದ ಹೆಣ್ಣುಮಕ್ಕಳಿರುತ್ತಿದ್ದರಾದ್ದರಿಂದ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಇಂಥ ಮಂಚಯ್ಯನಿಗೆ ಎರಡು ಸಾವಿರದ ಎಂಟನೇ ಇಸವಿಯ ಯುಗಾದಿಯ ಹೊತ್ತಿಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ಅದಕ್ಕೆ ಕಾರಣ ಅವನ ಅಕ್ಕ ತಿಮ್ಮಮ್ಮ.

ತಿಮ್ಮಮ್ಮ ಗಂಡ ಸತ್ತ ವರ್ಷ, ಅಂದರೆ ಎರಡು ಸಾವಿರದ ಒಂದರಲ್ಲಿ, ತವರೂರಿಗೆ ಬಂದು ಊರ ಪಕ್ಕದ ಗೋಮಾಳದಲ್ಲಿ ಒಂದು ಹೆಂಚಿನ ಮನೆ ಕಟ್ಟಿಕೊಂಡಿದ್ದಳು. ಕಟ್ಟಿಸಿದಳು ಎನ್ನಲಾಗದು, ಕಟ್ಟಿದಳು. ಮಣ್ಣು ಕಲೆಸಿದ್ದು, ಕಲ್ಲು ಹೊತ್ತದ್ದು ಅವಳೇ. ಹೊಗೆಸೊಪ್ಪಿನ ಕಾಲದಲ್ಲಿ ಅದನ್ನು ಒಣಗಿಸುವ ಬ್ಯಾರನ್ನುಗಳಲ್ಲಿ ಸೊಪ್ಪು ಕಟ್ಟಿ, ಗ್ರೇಡಿಂಗ್ ಮಾಡಿ, ತನ್ನ ಅನ್ನ ತಾನು ಉಣ್ಣುತ್ತಿದ್ದಳು. ಈ ಎರಡು ಸಾವಿರದ ಎಂಟರಲ್ಲಿ ಒಂದು ಸುತ್ತೋಲೆ ಬಂತು. ಎರಡು ಸಾವಿರದ ಮೂರನೇ ಇಸವಿಗೆ ಮೊದಲು ಗೋಮಾಳದಲ್ಲಿ ಕಟ್ಟಿದ ಮನೆಗಳಿಗೆ ಹಕ್ಕುಪತ್ರ, ಆಮೇಲೆ ಕಟ್ಟಿದವಕ್ಕೆ ಖಾಲಿ ಮಾಡುವ ನೋಟೀಸು. ಅರ್ಜಿಯ ಜೊತೆ ಮನೆಯ ಮುಂದೆ ಮಾಲೀಕರು ನಿಂತ ಫೋಟೊ, ಮನೆ ಹಳೆಯದೆಂಬುದಕ್ಕೆ ಏನಾದರೊಂದು ದಾಖಲೆ. ಒಟ್ಟಿನಲ್ಲಿ ಹಕ್ಕುಪತ್ರ ಬಂದರೆ ಮನೆ ತಿಮ್ಮಮ್ಮನದು, ಬರದಿದ್ದರೆ ಜೆಸಿಬಿಯದು.

ಗೋಮಾಳದಲ್ಲಿ ನಲವತ್ತು ಮನೆಗಳಿದ್ದವು. ಹಿಂದೆಯೇ ಕರೆಂಟಿನ ಮೀಟರು ಹಾಕಿಸಿಕೊಂಡಿದ್ದ ನಾಲ್ಕು ಮನೆಯವರು ಹಳೇ ಬಿಲ್ಲು ತೋರಿಸಿ ಕಾಲು ಚಾಚಿ ಮಲಗಿದರು. ಉಳಿದ ಮೂವತ್ತಾರರಲ್ಲಿ ಗಡುವಿಗೆ ಮೊದಲಿನದು ತಿಮ್ಮಮ್ಮನದು ಒಂದೇ. ಆದರೆ ಅವಳ ಕೈಯಲ್ಲಿ ಒಂದು ಚೀಟಿ ಇರಲಿಲ್ಲ. ಮನೆಗೆ ಮೀಟರಿಲ್ಲ, ಸೀಮೆಎಣ್ಣೆ ಬುಡ್ಡಿ. ಗೋಮಾಳದ ಮನೆಗೆ ಪಂಚಾಯ್ತಿಯವರು ಕಂದಾಯ ಹಾಕುವುದಿಲ್ಲ. ರೇಷನ್ ಕಾರ್ಡು ಇನ್ನೂ ಗಂಡನ ಊರಿನದು. ‘ದಾಖಲೆ ಆಮೇಕೆ ನೋಡವ, ಮೊದ್ಲು ಫೋಟೊ ಆಗ್ಲಿ’ ಎಂದು ಮಂಚಯ್ಯ ಧೈರ್ಯ ಹೇಳಿದ. ಹುಣಸೂರಿನ ಸ್ಟುಡಿಯೋದವರು ಒಂದು ಮನೆಗೋಸ್ಕರ ಅಷ್ಟು ದೂರ ಬರಲು ಮೂಗು ಮುರಿದರು. ಅದೇ ಸರಿಯಾಯಿತೆಂದು ಮಂಚಯ್ಯ ಸ್ವಂತದ್ದೇ ಕೊಳ್ಳುವುದೆಂದು ತೀರ್ಮಾನಿಸಿದ. ಅಕ್ಕನ ಕೆಲಸವೂ ಆಯಿತು, ಎತ್ತಿನ ಫೋಟೊ ತೆಗೆದು ಗಿರಾಕಿಗಳಿಗೆ ತೋರಿಸಿದಂತೆಯೂ ಆಯಿತು.

ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದೆ ವಸಂತ್ ಎಂಬುವನ ಮೊಬೈಲ್ ಅಂಗಡಿ. ಕರೆನ್ಸಿ ಹಾಕುವುದು, ಕೆಟ್ಟ ಫೋನು ಬಿಚ್ಚುವುದು, ಮುಚ್ಚಲಾಗದಿದ್ದರೆ ಗಿರಾಕಿಯ ಮೇಲೆ ತಪ್ಪು ಹಾಕುವುದು ಅವನ ಕಸುಬು. ಅವನ ಗಾಜಿನ ಕಪಾಟಿನಲ್ಲಿ ಆ ಕ್ಯಾಮೆರಾ ಕೂತಿತ್ತು. ಸೋಪಿನ ಡಬ್ಬಿಯಷ್ಟು ದಪ್ಪ, ಬೆಳ್ಳಿ ಬಣ್ಣ, ಮೂಲೆಗಳಲ್ಲಿ ಬಣ್ಣ ಸವೆದು ಕಪ್ಪು ಕಾಣುತ್ತಿತ್ತು. ಕಂಪನಿಯ ಹೆಸರು ಅರ್ಧ ಉಜ್ಜಿಹೋಗಿತ್ತು. ರೀಲು ಬೇಡ, ಪೆನ್ಸಿಲ್ ಸೆಲ್ಲು ಎರಡು ಹಾಕಿದರೆ ಸಾಕು ಎಂದ ವಸಂತ್. ಮೈಸೂರಿನ ಡಾಕ್ಟರೊಬ್ಬರ ಹೆಂಡತಿಯದಂತೆ. ಎರಡು ಮದುವೆ ಒಂದು ನಾಮಕರಣ ಬಿಟ್ಟರೆ ಬೇರೇನೂ ನೋಡಿಲ್ಲವಂತೆ.

ಮಂಚಯ್ಯ ಮುಖದಲ್ಲಿ ಆಸೆ ತೋರಲಿಲ್ಲ. ಸಂತೆಯಲ್ಲಿ ಆಸೆ ತೋರಿದವನು ಕೆಟ್ಟ. ಬೇರೇನೋ ನೋಡಲು ಬಂದವನಂತೆ ನಿಂತು, ಆಮೇಲೆ ಬೇಜಾರಿನಿಂದೆಂಬಂತೆ ಕ್ಯಾಮೆರಾ ಕೈಗೆ ತೆಗೆದುಕೊಂಡ. ತಿರುಗಿಸಿ ಮುರುಗಿಸಿ ನೋಡಿದ. ಗುಂಡಿ ಒತ್ತಿದಾಗ ಕಣ್ಣು ಗುರ್ರೆಂದು ಹೊರಗೆ ಬಂತು. ಬಾಯಿ ತೆರೆದ ಎತ್ತಿನ ಹಲ್ಲು ನೋಡುವಂತೆ ಅದರೊಳಗೆ ಇಣುಕಿ, ಹೆಬ್ಬೆರಳಿನಿಂದ ಗಾಜು ಸವರಿ, ವಸಂತ್ ಬೇಡ ಬೇಡ ಅನ್ನುವಷ್ಟರಲ್ಲಿ ಕಿವಿಗಿಟ್ಟು ಅಲ್ಲಾಡಿಸಿದ. ಒಂದು ಮಾತು ಮಾತ್ರ ಕೇಳಲಿಲ್ಲ: ಇದು ಯಾವ ಇಸವಿಯದು? ಮಾರುವವನ ಹತ್ತಿರ ವಯಸ್ಸು ಕೇಳುವುದು ಅವನ ಕಸುಬಿಗೇ ಅವಮಾನ. ಕೇಳಿದರೆ ಹೇಗೂ ಸುಳ್ಳೇ ಹೇಳುತ್ತಾರೆ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ವಸಂತನ ಕೈ ಮೇಲೆ ಹೊದಿಸಿದ. ವಸಂತ್ ಜನ್ಮದಲ್ಲಿ ದನದ ಸಂತೆ ಕಂಡವನಲ್ಲ. ಈ ಮನುಷ್ಯ ಟವೆಲ್ಲಿನ ಕೆಳಗೆ ತನ್ನ ಬೆರಳು ಯಾಕೆ ಹಿಡಿಯುತ್ತಿದ್ದಾನೆಂದು ತಿಳಿಯದೆ, ಕಚಗುಳಿಗೆ ಕೈ ಹಿಂದೆಗೆದುಕೊಂಡ. ಮಂಚಯ್ಯ ಅದನ್ನು ಒಪ್ಪಿಗೆಯಿಲ್ಲ ಎಂದು ಓದಿ ರೇಟು ಏರಿಸಿದ. ವಸಂತ್ ಮತ್ತೆ ಕೊಸರಿದ. ಮಂಚಯ್ಯ ಮತ್ತೆ ಏರಿಸಿದ. ಮೂರನೇ ಸಲಕ್ಕೆ ವಸಂತ್ ಸುಸ್ತಾಗಿ ಸುಮ್ಮನಾದಾಗ ವ್ಯಾಪಾರ ಮುಗಿಯಿತು. ಹುಡುಗ ಭಾರಿ ಪಾಕಡಾ, ಆದರೂ ಬಗ್ಗಿಸಿಬಿಟ್ಟೆ ಎಂದು ಮಂಚಯ್ಯ ಬೀಗಿದ. ತಾನು ಕೇಳಬೇಕೆಂದುಕೊಂಡದ್ದಕ್ಕಿಂತ ಮುನ್ನೂರು ರೂಪಾಯಿ ಹೆಚ್ಚಿಗೆ ಸಿಕ್ಕಿದ್ದು ಹೇಗೆಂದು ವಸಂತನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಹೊರಡುವಾಗ ವಸಂತ್ ಒಂದು ಮಾತು ಹೇಳಿದ. ‘ಸೆಲ್ಲು ಹಾಕ್ದಾಗೆಲ್ಲ ಅದೇನೋ ಕೇಳ್ತದೆ ಅಣ್ಣ. ಓಕೆ ಒತ್ತಿ ಬುಡಿ.’ ಮಂಚಯ್ಯ ಒತ್ತಿಬಿಟ್ಟ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಓಕೆ ಅನ್ನುವುದು ಆ ಸೀಮೆಯಲ್ಲಿ ಅವನೊಬ್ಬನ ರೂಢಿಯೇನಲ್ಲ.

ಕ್ಯಾಮೆರಾ ಜೇಬಿನಲ್ಲಿಟ್ಟುಕೊಂಡು ನೇರ ಅಕ್ಕನ ಮನೆಗೆ ಬಂದ. ಅಂಗಳದಲ್ಲಿ ನಿಂತು ಮನೆಯನ್ನು ಕಣ್ಣು ಕಿರಿದು ಮಾಡಿ ನೋಡಿದ. ಗೋಡೆ ಪರವಾಗಿಲ್ಲ, ಯುಗಾದಿಗೆ ಸುಣ್ಣ ಬಳಿದಿತ್ತು. ಬಾಗಿಲು ಮಾತ್ರ ಕೆಟ್ಟದಾಗಿತ್ತು. ಏಳು ವರ್ಷದ ಬಿಸಿಲಿಗೆ ಬಣ್ಣ ಹೋಗಿ ಬೂದಿಯಾಗಿತ್ತು. ಸಂತೆಗೆ ಹೊರಟ ದನವನ್ನು ಹಾಗೇ ಕೊಳಕಾಗಿ ಕರೆದೊಯ್ಯುವುದುಂಟೆ? ಆಫೀಸಿನವರ ಕಣ್ಣಿಗೆ ಬೀಳುವ ಫೋಟೊ, ಲಕ್ಷಣವಾಗಿರಬೇಡವೆ? ಮನೆಗೆ ಹೋಗಿ ಕೊಂಬಿಗೆ ಬಳಿಯುವ ನೀಲಿ ಬಣ್ಣದ ಡಬ್ಬ, ಉಪ್ಪುಕಾಗದ, ಚಾಕು ಎಲ್ಲ ತಂದ. ಬಾಗಿಲ ಹೊರಮೈಯನ್ನು ಹೆರೆದು, ಉಜ್ಜಿ, ಎರಡು ಕೋಟು ಬಳಿದ. ಹೊಳೆಯಿತು. ಡಬ್ಬದ ತಳದಲ್ಲಿ ಇನ್ನೂ ಬಣ್ಣ ಉಳಿದಿತ್ತು.

ಈಗ ಬಾಗಿಲ ಹಿಂಭಾಗದ ವಿಚಾರ ಒಂದಿಷ್ಟು ಹೇಳಬೇಕು. ಆ ಸೀಮೆಗೆ ತಿಂಗಳಿಗೊಮ್ಮೆ ಮಲೇರಿಯಾ ಶಿವನಂಜಪ್ಪ ಬರುತ್ತಿದ್ದ. ನೀರಿನ ತೊಟ್ಟಿಯಲ್ಲಿ ಹುಳ ನೋಡಿ, ಯಾರಿಗಾದರೂ ಚಳಿಜ್ವರ ಇದೆಯೇ ಎಂದು ವಿಚಾರಿಸಿ, ತಾನು ಬಂದುಹೋದ ತಾರೀಖು ಬರೆದು ‘ಶಿ’ ಎಂದು ಸಹಿ ಹಾಕಿ ಹೋಗುವನು. ಗೋಡೆಗೆ ಬರೆದರೆ ಹಬ್ಬಕ್ಕೊಮ್ಮೆ ಸುಣ್ಣ ಬಳಿದು ಅಳಿಸಿಬಿಡುತ್ತಾರೆಂದು ಬಾಗಿಲ ಹಿಂದೆ ದಪ್ಪ ಪೆನ್ಸಿಲಿನಲ್ಲಿ ಬರೆಯುವುದು ಅವನ ಪದ್ಧತಿ. ತಿಮ್ಮಮ್ಮನ ಬಾಗಿಲ ಹಿಂದೆ ಎರಡು ಸಾವಿರದ ಒಂದರಿಂದ ಎರಡು ಸಾವಿರದ ಎಂಟರ ಫೆಬ್ರವರಿಯವರೆಗೆ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ತಾರೀಖುಗಳಿದ್ದವು. ಫೆಬ್ರವರಿ ಕಳೆದ ಮೇಲೆ ಶಿವನಂಜಪ್ಪ ನಿವೃತ್ತನಾಗಿ ಸರಗೂರಿನ ತನ್ನ ಮನೆ ಸೇರಿಕೊಂಡಿದ್ದ.

ಮಂಚಯ್ಯ ಉಪ್ಪುಕಾಗದ ಹಿಡಿದು ಬಾಗಿಲ ಹಿಂದಕ್ಕೆ ಹೋದದ್ದು ಕಂಡು ತಿಮ್ಮಮ್ಮ ಒಲೆಯ ಮುಂದಿನಿಂದಲೇ ಕೇಳಿದಳು.

‘ಒಳೀಕೆ ಯಾಕ್ಲಾ? ಅಲ್ಲಿ ಮಲೇರಿಯಾದೋರ ಬರವಣಿಗೆ ಅದೆ.’

‘ಬಣ್ಣ ಮಿಕ್ಕದೆ ಕಣಕ್ಕ. ಅವ್ರು ಬಂದ್ರೆ ವಸ ಬಣ್ಣದ ಮ್ಯಾಲೆ ವಸ್ದಾಗಿ ಬರ್ಕೊತಾರೆ, ಬುಡು.’

ಉಜ್ಜಿದ. ಏಳು ವರ್ಷ ಪುಡಿಯಾಗಿ ನೆಲಕ್ಕೆ ಬಿತ್ತು. ತಿಮ್ಮಮ್ಮ ಅದನ್ನು ಗುಡಿಸಿ ತಿಪ್ಪೆಗೆ ಹಾಕಿದಳು. ಕೆಳಗಿನ ಮೂಲೆಗೆ ರಾಗಿಮೂಟೆ ಆತುಕೊಂಡಿತ್ತು. ಅದನ್ನು ಯಾರು ಸರಿಸುತ್ತಾರೆಂದು ಅಲ್ಲೊಂದು ಅಂಗೈಯಗಲ ಹಾಗೇ ಬಿಟ್ಟು ಉಳಿದದ್ದಕ್ಕೆಲ್ಲ ನೀಲಿ ಬಳಿದ. ಮಾರನೇ ದಿನ ತಿಮ್ಮಮ್ಮ ಹೊಸ ಸೀರೆಯುಟ್ಟು ಬಾಗಿಲ ಮುಂದೆ ನಿಂತಳು. ಮಂಚಯ್ಯ ಬಿಚ್ಚಿಟ್ಟಿದ್ದ ಸೆಲ್ಲು ಮತ್ತೆ ಹಾಕಿ ಓಕೆ ಒತ್ತಿದ. ನಗಬೇಡ, ಇದು ಸರ್ಕಾರಿ ಫೋಟೊ ಎಂದು ಮಂಚಯ್ಯ ಗದರಿದ. ಅವಳಿಗೇನೂ ನಗು ಬಂದಿರಲಿಲ್ಲ.

ಪ್ರಿಂಟು ಹಾಕಿಸಲು ಹುಣಸೂರಿನ ವಸಂತನ ಅಂಗಡಿಗೆ ಹೋದಾಗ ಗೊತ್ತಾಯಿತು ಸಂಗತಿ. ಫೋಟೊ ಸೊಗಸಾಗಿ ಬಂದಿತ್ತು, ಆದರೆ ಬಲಗಡೆಯ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳು. ಒಂದು, ಒಂದು, ಎರಡು ಸಾವಿರದ ಎರಡು. ವಸಂತ್ ತಲೆ ಕೆರೆದುಕೊಂಡ. ಇದರ ಹೊಟ್ಟೆಯಲ್ಲಿ ತಾರೀಖು ನೆನಪಿಟ್ಟುಕೊಳ್ಳುವ ಇನ್ನೊಂದು ಚಿಕ್ಕ ಸೆಲ್ಲು ಇದೆ, ಅದು ಸತ್ತಿದೆ, ಹಾಗಾಗಿ ಪೆನ್ಸಿಲ್ ಸೆಲ್ಲು ಬಿಚ್ಚಿದಾಗೆಲ್ಲ ಕ್ಯಾಮೆರಾ ತಾನು ಹುಟ್ಟಿದ ವರ್ಷದ ಜನವರಿ ಒಂದಕ್ಕೆ ವಾಪಸು ಹೋಗುತ್ತದೆ ಎಂದು ವಿವರಿಸಿದ. ಹಳೇ ಮಾಲನ್ನು ತಲೆಗೆ ಕಟ್ಟಿದೆಯಾ ಎಂದು ಬೈಯಲು ಮಂಚಯ್ಯ ಬಾಯಿ ತೆರೆದವನು ತೆರೆದ ಬಾಯಿಯಲ್ಲೇ ನಿಂತ. ಎರಡು ಸಾವಿರದ ಎರಡು! ಗಡುವು ಎರಡು ಸಾವಿರದ ಮೂರು. ದಾಖಲೆ ದಾಖಲೆ ಎಂದು ಒದ್ದಾಡುತ್ತಿದ್ದರಲ್ಲ, ದಾಖಲೆ ಫೋಟೊದ ಮೂಲೆಯಲ್ಲೇ ಕೂತಿತ್ತು.

‘ತಾರೀಖು ಸರಿ ಮಾಡ್ಕೊಡ್ಲಾ ಅಣ್ಣ?’ ಎಂದ ವಸಂತ್.

‘ಮುಟ್ಟಬ್ಯಾಡ’ ಎಂದ ಮಂಚಯ್ಯ.

ತಿಮ್ಮಮ್ಮನಿಗೆ ಈ ಸುದ್ದಿ ಹಿಡಿಸಲಿಲ್ಲ. ಮನೆ ಕಟ್ಟಿದ್ದು ನಿಜ, ಅದರಲ್ಲಿ ಬಾಳಿದ್ದು ನಿಜ, ನಿಜಕ್ಕೆ ಸುಳ್ಳು ತಾರೀಖಿನ ಆಸರೆ ಯಾಕೆ ಎಂದು ಗೊಣಗಿದಳು. ಸರ್ಕಾರಕ್ಕೆ ನಿಜ ಕಾಣುವುದಿಲ್ಲ, ತಾರೀಖು ಕಾಣುತ್ತದೆ ಎಂದು ಮಂಚಯ್ಯ ಬುದ್ಧಿ ಹೇಳಿ ಅರ್ಜಿ ಕೊಡಿಸಿಬಿಟ್ಟ. ಇಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ ಏನೋ. ನಿಲ್ಲಿಸುವ ಜಾತಿಯವನೇ ಅವನು? ಅಂಥ ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಟೀ ಅಂಗಡಿಯ ಬೆಂಚಿನ ಮೇಲೆ ಕೂರುವುದು ಅವನಿಂದಾಗಲಿಲ್ಲ.

ಮೊದಲು ಬಂದವನು ತಿಮ್ಮಮ್ಮನ ಪಕ್ಕದ ಮನೆಯ ಲಿಂಗಯ್ಯ. ಅವನ ಮನೆಗೆ ಇನ್ನೂ ಸಿಮೆಂಟಿನ ವಾಸನೆ ಹೋಗಿರಲಿಲ್ಲ. ಒಂದು ಚಿಪ್ಪು ಬಾಳೆಹಣ್ಣು ಮುಂದಿಟ್ಟು, ಹುಟ್ಟಿದಾಗಿನಿಂದ ಲಾ ಎಂದು ಕರೆಯುತ್ತಿದ್ದವನು ಅವತ್ತು ಮಂಚಯ್ಯನವರೇ ಎಂದ. ಆ ಒಂದು ‘ಅವರೇ’ಗೆ ಮಂಚಯ್ಯ ನೀರಾಗಿ ಹೋದ. ಮೂವತ್ತು ವರ್ಷ ಸಗಣಿಯಲ್ಲಿ ನಿಂತು ಕೆಲಸ ಮಾಡಿದವನನ್ನು ಯಾರೂ ಹಾಗೆ ಕರೆದಿರಲಿಲ್ಲ, ಪಾಪ. ಲಿಂಗಯ್ಯನ ಫೋಟೊ ಆಯಿತು. ಸಂಜೆಗೆ ಇನ್ನೂ ಐದು ಮನೆಯವರು ಬಂದರು.

ತಿಮ್ಮಮ್ಮ ಒಂದೇ ಒಂದು ಸಲ ಅವನನ್ನು ಕೂರಿಸಿಕೊಂಡು ಹೇಳಿದಳು. ‘ಎಲ್ಲಾರ್ದೂ ತಗುದ್ರೆ ನಂದೂ ಅವುರ್ದೂ ಒಂದೇ ಆಯ್ತದೆ ಕಣ್ಲಾ. ಅವ್ರು ಸಿಕ್ಕಾಕೊಂಡ್ರೆ ನಾನೂ ಸಿಕ್ಕಾಕೊತೀನಿ.’

ಊರಿಗೆ ಉಪಕಾರ ಆಗುವಾಗ ಅಡ್ಡ ಬಾಯಿ ಹಾಕಬಾರದೆಂದು ಮಂಚಯ್ಯ ಎದ್ದು ಹೋದ.

ಹದಿನೈದು ದಿನ ಅವನು ಸಂತೆಯ ಕಡೆ ತಲೆ ಹಾಕಲಿಲ್ಲ. ಬೆಳಗ್ಗೆ ಎದ್ದು ಸ್ನಾನ ಮಾಡಿ, ದೇವರ ಮುಂದೆ ಕ್ಯಾಮೆರಾ ಇಟ್ಟು, ಸೆಲ್ಲು ಬಿಚ್ಚುವನು. ಹತ್ತು ಎಣಿಸಿ ಮತ್ತೆ ಹಾಕಿ ಓಕೆ ಒತ್ತುವನು. ಕ್ಯಾಮೆರಾ ಜನವರಿ ಒಂದಕ್ಕೆ ಮರಳುವುದು. ಒಂದು ದಿನ ಮರೆತದ್ದಕ್ಕೆ ಒಂದು ಮನೆಯ ಫೋಟೊ ಜನವರಿ ಎರಡಕ್ಕೆ ಬಂದು, ಆ ಮನೆಯವರು ತಮಗೆ ಮಾತ್ರ ಯಾಕೆ ಕಡಿಮೆ ತಾರೀಖು ಕೊಟ್ಟೆ ಎಂದು ಜಗಳಕ್ಕೆ ನಿಂತರು. ಎರಡು ದೊಡ್ಡದಲ್ಲವೇ ಎಂದು ಮಂಚಯ್ಯ ವಾದಿಸಿದರೂ ಒಪ್ಪದೆ ಒಂದನೇ ತಾರೀಖೇ ತೆಗೆಸಿಕೊಂಡು ಹೋದರು. ಪ್ರತಿಯೊಂದು ಮನೆಯ ಮುಂದೂ ಅವನಿಗೆ ಕುರ್ಚಿ, ಕಾಫಿ. ಜನ ಮದುವೆಗೆ ಹೊರಟವರಂತೆ ಸಿಂಗರಿಸಿಕೊಂಡು ನಿಲ್ಲುತ್ತಿದ್ದರು. ಲಿಂಗಯ್ಯ ತನ್ನ ಹನ್ನೊಂದು ತಿಂಗಳ ಮೊಮ್ಮಗುವನ್ನು ಎತ್ತಿಕೊಂಡೇ ನಿಂತಿದ್ದ. ಇನ್ನೊಬ್ಬ ಜೇಬಿನಿಂದ ಮೊಬೈಲು ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡಿದ್ದ. ಸರ್ಕಾರದವರಿಗೆ ನಾವೂ ಅನುಕೂಲಸ್ಥರೆಂದು ತಿಳಿಯಲಿ ಎಂಬುದು ಅವನ ಆಸೆ.

ಗೋಮಾಳದಲ್ಲಿ ಫೋಟೊ ತೆಗೆಸದೆ ಉಳಿದವನು ಮುದುಕ ಅಂಕಯ್ಯ ಒಬ್ಬನೇ. ಫೋಟೊ ತೆಗೆಸಿಕೊಂಡವರಿಗೆ ಬೇಗ ಹಾರ ಬೀಳುತ್ತದೆಂದು ಅವನ ಹೆದರಿಕೆ. ಅರ್ಜಿಗೆ ಹೆಬ್ಬೆಟ್ಟು ಒತ್ತಿ ಫೋಟೊದ ಜಾಗ ಖಾಲಿ ಬಿಟ್ಟು ಕೊಟ್ಟಿದ್ದ. ಅವನ ಮನೆ ಎದ್ದು ಎರಡೇ ವರ್ಷ. ಅದರ ಬಾಗಿಲು ಮಾತ್ರ ಹಳೆಯದು. ಭೇರ್ಯದಲ್ಲಿ ಯಾರೋ ಹಳೇ ಮನೆ ಕೆಡವಿದಾಗ ಮಂಚಯ್ಯನೇ ನಡುವೆ ನಿಂತು ಅಗ್ಗಕ್ಕೆ ಕೊಡಿಸಿ, ತನ್ನ ಪಾಲು ಇಸಿದುಕೊಂಡು, ಎತ್ತಿನ ಗಾಡಿಯಲ್ಲಿ ಹೇರಿಸಿ ತಂದಿದ್ದ. ಇಂಥ ಗೊಡ್ಡು ಮುದುಕನಿಗೆ ಹಕ್ಕುಪತ್ರ ಬಂದ ಹಾಗೇ ಎಂದು ಊರವರೆಲ್ಲ ನಕ್ಕರು.

ಜೂನಿನಲ್ಲಿ ತನಿಖೆಗೆ ಸುಧಾ ಮೇಡಂ ಬಂದರು. ಹೊಸದಾಗಿ ಬಂದ ರೆವಿನ್ಯೂ ಇನ್ಸ್‌ಪೆಕ್ಟರು, ಕಡ್ಡಿಯಷ್ಟು ಸಣ್ಣ ಹೆಂಗಸು, ಕೊಟ್ಟ ಎಳನೀರು ಕುಡಿಯಲಿಲ್ಲ. ಆಗಲೇ ಊರಿಗೆ ಒಂದಿಷ್ಟು ಭಯವಾಯಿತು. ತಿಮ್ಮಮ್ಮನ ಅಂಗಳದಲ್ಲಿ ಹಾಕಿದ ಮಂಚದ ಮೇಲೆ ಅವರು ಮೂವತ್ತೈದು ಫೋಟೊಗಳನ್ನು ಇಸ್ಪೀಟಿನ ಎಲೆಯಂತೆ ಹರಡಿದರು. ಒಂದೊಂದರ ಮೂಲೆಯ ಮೇಲೂ ಬೆರಳಿಟ್ಟು ನೋಡಿದರು.

‘ಎರಡು ಸಾವಿರದ ಎರಡನೇ ಇಸವಿ, ಜನವರಿ ಒಂದನೇ ತಾರೀಖು ಈ ಊರಲ್ಲಿ ಏನು ವಿಶೇಷ ಇತ್ತು?’ ಎಂದು ಕೇಳಿದರು.

‘ವಸ ವರ್ಷ ಅಲ್ವಾ ಮೇಡಮ್ಮೋರೆ’ ಎಂದ ಮಂಚಯ್ಯ.

ಸುಧಾ ಮೇಡಂ ತಲೆಯಾಡಿಸಿದರು. ಲಿಂಗಯ್ಯನ ಫೋಟೊ ಎತ್ತಿಕೊಂಡು, ಅಲ್ಲೇ ಸೊಸೆಯ ಸೊಂಟದ ಮೇಲಿದ್ದ ಮಗುವನ್ನು ನೋಡಿ, ಎಷ್ಟು ಮುದ್ದಾಗಿದೆ, ವಯಸ್ಸೆಷ್ಟು ಎಂದು ವಿಚಾರಿಸಿದರು. ಮೊನ್ನೆ ತಾನೇ ವರ್ಷ ತುಂಬಿತು ಎಂದು ಸೊಸೆ ಹೆಮ್ಮೆಯಿಂದ ಹೇಳಿದಳು. ಮೇಡಂ ಮೂವತ್ತೈದು ಫೋಟೊಗಳನ್ನೂ ಒಟ್ಟುಗೂಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಪಕ್ಕಕ್ಕಿಟ್ಟರು. ಅಷ್ಟರಲ್ಲಿ ತಿಮ್ಮಮ್ಮನ ಫೋಟೊವೂ ಅದರ ನಡುವೆ ಎಲ್ಲೋ ಸೇರಿಹೋಗಿತ್ತು.

ಅಷ್ಟಕ್ಕೇ ಎದ್ದು ಹೋಗಿದ್ದರೆ ಅವರನ್ನು ಬೈದುಕೊಂಡು ಸುಮ್ಮನಿರಬಹುದಿತ್ತು. ಆದರೆ ಆಕೆ ನ್ಯಾಯವಂತೆ. ಫೋಟೊ ಸುಳ್ಳಾದರೂ ಮನೆ ನಿಜವಿರಬಹುದು, ಒಂದೊಂದು ಮನೆಯನ್ನೂ ಕಣ್ಣಾರೆ ನೋಡುತ್ತೇನೆ ಎಂದರು. ಮಲೇರಿಯಾದವರು ಬಾಗಿಲ ಹಿಂದೆ ತಾರೀಖು ಬರೆಯುತ್ತಾರೆ, ಅದು ಸರ್ಕಾರಿ ನೌಕರನ ಕೈಬರಹ, ಅದಕ್ಕಿಂತ ದಾಖಲೆ ಬೇಕೆ ಎಂದು ತಮ್ಮ ಗುಮಾಸ್ತನಿಗೆ ಹೇಳಿದ್ದು ಮಂಚಯ್ಯನ ಕಿವಿಗೆ ಬಿತ್ತು. ಪಕ್ಕದಲ್ಲಿದ್ದ ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ.

ಮೇಡಂ ಮನೆ ಮನೆಗೂ ಹೋಗಿ ಬಾಗಿಲು ತಿರುಗಿಸಿ ನೋಡಿದರು. ಲಿಂಗಯ್ಯನ ಬಾಗಿಲ ಮೇಲೆ ಬರವಣಿಗೆ ಹಿಂದಿನ ವರ್ಷದಿಂದ ಶುರುವಾಗಿತ್ತು. ಒಂದೊಂದು ಮನೆಗೂ ಒಂದೊಂದು ಅಡ್ಡಗೆರೆ ಬಿತ್ತು. ಅಂಕಯ್ಯನ ಮನೆಗೆ ಹೋದವರು ಮಾತ್ರ ಬೇಗ ಹೊರಗೆ ಬರಲಿಲ್ಲ. ಆ ಬಾಗಿಲ ಹಿಂದೆ ತೊಂಬತ್ತೊಂಬತ್ತನೇ ಇಸವಿಯಿಂದ ತಾರೀಖುಗಳಿದ್ದವು! ಭೇರ್ಯದ ಕಡೆಯ ಮಲೇರಿಯಾದವನು ಬರೆದ ಸಾಲುಗಳ ಕೆಳಗೇ, ಖಾಲಿ ಜಾಗ ಕಂಡು, ಶಿವನಂಜಪ್ಪ ತನ್ನ ಸಾಲು ಮುಂದುವರಿಸಿದ್ದ. ಅಂಕಯ್ಯ ಅದನ್ನು ಓದಿದವನೂ ಅಲ್ಲ, ಅಳಿಸಿದವನೂ ಅಲ್ಲ. ಈ ಗೋಮಾಳದಲ್ಲಿ ಮೊದಲು ಬಂದು ನೆಲೆಸಿದವರು ನೀವೇ ಅಲ್ಲವೇ ಅಜ್ಜ ಎಂದು ಮೇಡಂ ಗೌರವದಿಂದ ಕೇಳಿದರು. ಕಿವಿ ಮಂದವಾದ ಅಂಕಯ್ಯ ಎಲ್ಲದಕ್ಕೂ ಹೂಂ ಅನ್ನುವಂತೆ ಅದಕ್ಕೂ ಹೂಂ ಅಂದ.

ಆ ಬಾಗಿಲು ಎಲ್ಲಿಂದ ಬಂತೆಂದು ಮಂಚಯ್ಯನ ನಾಲಿಗೆಯ ತುದಿಯಲ್ಲಿತ್ತು. ಆದರೆ ವ್ಯಾಪಾರವಾಗಿ ಹೋದ ಮಾಲಿನ ದೋಷ ಎತ್ತುವುದು ಅವನ ಕಸುಬಿನಲ್ಲಿ ಮಹಾಪಾಪ. ಅದರಲ್ಲೂ ಪಾಲು ತಿಂದ ಮಾಲು. ನುಂಗಿಕೊಂಡ.

ಕೊನೆಗೆ ತಿಮ್ಮಮ್ಮನ ಮನೆ. ಮೇಡಂ ಬಾಗಿಲು ತಿರುಗಿಸಿದರು. ಮೇಲಿನಿಂದ ಕೆಳಗಿನವರೆಗೆ ನೀಲಿ, ಮುಖ ಕಾಣುವಂತೆ ಹೊಳೆಯುತ್ತಿತ್ತು. ಬಗ್ಗಿ ನೋಡಿ, ರಾಗಿಮೂಟೆ ಸರಿಸಲು ಹೇಳಿದರು. ಮೂಲೆಯ ಅಂಗೈಯಗಲ ಜಾಗದಲ್ಲಿ ಒಂದೇ ಒಂದು ಸಾಲು ಉಳಿದಿತ್ತು. ಏಳು, ಎರಡು, ಎರಡು ಸಾವಿರದ ಎಂಟು. ಶಿ.

‘ಈ ವರ್ಷದ್ದು’ ಎಂದು ಮೇಡಂ ಬರೆದುಕೊಂಡರು.

ಆಗ ಮಂಚಯ್ಯ ಮುಂದೆ ಬಂದ. ಬಣ್ಣ ಬಳಿದವನು ತಾನು, ಅದರ ಕೆಳಗೆ ಏಳು ವರ್ಷದ ಬರವಣಿಗೆ ಇತ್ತು, ಫೋಟೊ ತೆಗೆಸಿದ ಮನೆಗಳಲ್ಲಿ ನಿಜವಾಗಿ ಹಳೆಯದು ಇದೊಂದೇ, ಬೇಕಾದರೆ ತಾಯಾಣೆ ಮಾಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದ. ಅವನ ಬಾಯಿಂದ ಅಷ್ಟು ಅಪ್ಪಟ ನಿಜ ಅಷ್ಟು ಉದ್ದಕ್ಕೆ ಬಂದದ್ದು ಬಹುಶಃ ಅದೇ ಮೊದಲು. ಮೇಡಂ ಪೂರ್ತಿ ಕೇಳಿಸಿಕೊಂಡರು.

‘ಆ ಫೋಟೊಗಳನ್ನೆಲ್ಲ ತೆಗೆದವರು ನೀವೇ ತಾನೆ?’ ಎಂದರು.

ಮಂಚಯ್ಯ ಹೂಂ ಅಂದ. ಅವರು ಬೇರೇನೂ ಕೇಳಲಿಲ್ಲ. ತಿಂಗಳೊಳಗೆ ಹಳೆಯ ಗುರುತೇನಾದರೂ ಸಿಕ್ಕರೆ ಮೇಲ್ಮನವಿ ಕೊಡಬಹುದೆಂದು ತಿಮ್ಮಮ್ಮನಿಗೆ ತಿಳಿಸಿ ಜೀಪು ಹತ್ತಿದರು.

ಮಾರನೇ ದಿನವೇ ಮಂಚಯ್ಯ ಸರಗೂರಿಗೆ ಓಡಿದ. ಶಿವನಂಜಪ್ಪ ಪಾಪ ಒಳ್ಳೇ ಮನುಷ್ಯ, ಕೇಳಿದ ಹಾಗೆ ಪತ್ರ ಬರೆದುಕೊಟ್ಟ. ನಿವೃತ್ತನ ಪತ್ರ ನಡೆಯುವುದಿಲ್ಲ ಎಂದು ಕಚೇರಿಯಲ್ಲಿ ವಾಪಸು ಕೊಟ್ಟರು. ಆಸ್ಪತ್ರೆಯ ಹಳೇ ರಿಜಿಸ್ಟರಿನಲ್ಲಿ ಊರಿನ ಹೆಸರಿತ್ತು, ಮನೆಯವರ ಹೆಸರಿರಲಿಲ್ಲ. ಮೂವತ್ತೈದು ಮನೆಗಳಿಗೆ ನೋಟೀಸು ಬಂತು. ಊರಿನಲ್ಲಿ ‘ಮಂಚಯ್ಯನವರು’ ಮತ್ತೆ ಮಂಚ ಆದ, ಅದರ ಹಿಂದೆ ಮುಂದೆ ಸೇರಿಸಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಹಕ್ಕುಪತ್ರ ಹಂಚಿದ ದಿನ ಮಧ್ಯಾಹ್ನ ಮಂಚಯ್ಯ ಅಕ್ಕನ ಬಾಗಿಲ ಹಿಂದೆ ಕೂತಿದ್ದ. ಕೈಯಲ್ಲಿ ಅದೇ ಕೊಂಬು ಹೆರೆಯುವ ಚಾಕು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿ, ನೀಲಿಯನ್ನು ಎಳೆ ಎಳೆಯಾಗಿ ಹೆರೆಯುತ್ತಿದ್ದ. ನೀಲಿಯ ಕೆಳಗೆ ಬಿಳೀ ಮರ ಕಾಣುತ್ತಿತ್ತು. ನುಣ್ಣಗೆ, ಚೊಕ್ಕವಾಗಿ, ಮೊನ್ನೆ ತಾನೇ ಕೊಯ್ದ ಹಲಗೆಯ ಹಾಗೆ. ಉಪ್ಪುಕಾಗದದ ಕೆಲಸದಲ್ಲಿ ಅವನು ಎಂದೂ ಕಸರು ಬಿಟ್ಟವನಲ್ಲ.

ಅಷ್ಟು ಹೊತ್ತಿಗೆ ಅಂಕಯ್ಯ ಬಂದ. ಮಡಿ ಪಂಚೆ, ಕೈಯಲ್ಲಿ ಹಕ್ಕುಪತ್ರ. ಈಗ ಹಾರದ ಹೆದರಿಕೆ ಹೋಗಿತ್ತು. ಪತ್ರ ಹಿಡಿದುಕೊಂಡು ತನ್ನ ಬಾಗಿಲ ಮುಂದೆ ನಿಲ್ಲುತ್ತೇನೆ, ಒಂದು ಫೋಟೊ ತೆಗೆದುಕೊಡು ಎಂದ. ಮಂಚಯ್ಯ ಕೂತಲ್ಲಿಂದ ಏಳಲಿಲ್ಲ.

‘ತಗುದ್ಕೊಡ್ಲಾ. ಮುದ್ಕಪ್ಪ ಆಸೆಪಟ್ಟು ಬಂದವ್ನೆ’ ಎಂದಳು ತಿಮ್ಮಮ್ಮ. ಮಂಚಯ್ಯ ಹೋಗಿ, ಸೆಲ್ಲು ಹಾಕಿ ಓಕೆ ಒತ್ತಿ ತೆಗೆದ. ಎರಡು ಸಾವಿರದ ಎಂಟರಲ್ಲಿ ಬಂದ ಹಕ್ಕುಪತ್ರ ಹಿಡಿದುಕೊಂಡು ಅಂಕಯ್ಯ ಎರಡು ಸಾವಿರದ ಎರಡರ ಜನವರಿ ಒಂದನೇ ತಾರೀಖು, ಇನ್ನೂ ಎದ್ದಿರದ ತನ್ನ ಮನೆಯ ಮುಂದೆ ನಗುತ್ತ ನಿಂತಿದ್ದ.

ವಾಪಸು ಬಂದು ಮಂಚಯ್ಯ ಮತ್ತೆ ಚಾಕು ಎತ್ತಿಕೊಂಡ. ತಿಮ್ಮಮ್ಮ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು.

‘ಕೆರೀಬ್ಯಾಡ, ಬುಡು’ ಎಂದಳು ಕೊನೆಗೆ. ‘ಹುಣಸೂರು ಸಂತೆ ದನದ ವಯಸ್ಸೆಲ್ಲಾ ಅಳಿಸ್ದ ಕೈ ಕಣಪ್ಪ ನಿಂದು. ನನ್ನ ಮನೇದು ಉಳಿಸ್ತದಾ?’

ಮಂಚಯ್ಯ ಚಾಕು ಮಡಿಸಿದ. ತಿಮ್ಮಮ್ಮ ಹೆರೆದು ಬಿದ್ದ ನೀಲಿ ಬಣ್ಣವನ್ನು ಗುಡಿಸಿ ತಿಪ್ಪೆಗೆ ಹಾಕಿ ಬಂದು, ನೋಟೀಸಿನಲ್ಲಿ ಎಷ್ಟನೇ ತಾರೀಖಿನೊಳಗೆ ಖಾಲಿ ಮಾಡಬೇಕೆಂದು ಬರೆದಿದೆ, ಒಂದು ಸಲ ಓದಿ ಹೇಳು ಎಂದಳು.